ಎಡ್ವಾರ್ಡೊ ಪೊರ್ರೊ (1842–1902): ಜೀವನ ಪರಿಚಯ

ಸಾರ್ವಜನಿಕರ ಮಾಹಿತಿಗಾಗಿ
ತಾಯಿ ಮತ್ತು ಮಕ್ಕಳ ಆರೋಗ್ಯ ಸೇವೆಗಳು – ಗೌರಿಬಿದನೂರು ತಾಲ್ಲೂಕು

ಹೆರಿಗೆಗಾಗಿ ಆಸ್ಪತ್ರೆಗೆ ದಾಖಲಾಗುವ ಗರ್ಭಿಣಿಯರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯಲಾಗುವ ಒಪ್ಪಿಗೆ ಪತ್ರದಲ್ಲಿ ಒಂದು ವಾಕ್ಯವು ಕುಟುಂಬದವರನ್ನು ಬಹಳವಾಗಿ ಗಾಬರಿಗೊಳಿಸುತ್ತದೆ. ರಕ್ತಸ್ರಾವವು ಬೇರಾವ ಉಪಾಯದಿಂದಲೂ ನಿಲ್ಲದೇ ಹೋದಲ್ಲಿ ಪ್ರಾಣ ಉಳಿಸುವ ಸಲುವಾಗಿ ಗರ್ಭಕೋಶವನ್ನು ತೆಗೆಯಬೇಕಾಗಬಹುದು ಎಂಬುದೇ ಆ ವಾಕ್ಯ. ಚೊಚ್ಚಲ ಹೆರಿಗೆಗೆ ಬಂದ ಮಗಳ ವಿಷಯದಲ್ಲಿ ಈ ಮಾತನ್ನು ಓದಿದ ತಾಯಿತಂದೆಯರು ಸಹಿ ಹಾಕಲು ಹಿಂಜರಿಯುವುದು, ಊರಿನ ಹಿರಿಯರನ್ನು ಕೇಳಿ ಬರುವುದಾಗಿ ತಿಳಿಸುವುದು, ಬೇರೆ ಆಸ್ಪತ್ರೆಗೆ ಹೊರಡಲು ಸಿದ್ಧರಾಗುವುದು ಅಪರೂಪವೇನಲ್ಲ. ಈ ಹಿಂಜರಿಕೆಗೆ ಕಾರಣವೂ ಇದೆ. ವಿದುರಾಶ್ವತ್ಥದ ಅಶ್ವತ್ಥ ಕಟ್ಟೆಯ ಸುತ್ತಲೂ ಸಂತಾನವನ್ನು ಬೇಡಿ ಸಾವಿರಾರು ನಾಗರಕಲ್ಲುಗಳನ್ನು ಪ್ರತಿಷ್ಠಾಪಿಸಿರುವ ಸೀಮೆಯಿದು; ಗರ್ಭಕೋಶ ತೆಗೆಯುವುದೆಂದರೆ ಏನೆಂಬುದನ್ನು ಇಲ್ಲಿನ ಜನರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಆದರೆ ಆ ಶಸ್ತ್ರಕ್ರಿಯೆ ಯಾವ ಪರಿಸ್ಥಿತಿಯಲ್ಲಿ, ಯಾರಿಂದ, ಏತಕ್ಕಾಗಿ ಆರಂಭವಾಯಿತು ಎಂಬುದನ್ನು ತಿಳಿದಲ್ಲಿ ಸದರಿ ವಾಕ್ಯದ ಅರ್ಥವು ಸ್ಪಷ್ಟವಾಗುತ್ತದೆ. ಆದುದರಿಂದ ಇಟಲಿ ದೇಶದ ಪ್ರಸೂತಿ ತಜ್ಞ ಎಡ್ವಾರ್ಡೊ ಪೊರ್ರೊ ಅವರ ಜೀವನವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಪೊರ್ರೊ ಅವರು 1842ರಲ್ಲಿ ಉತ್ತರ ಇಟಲಿಯ ಪಾದುವಾ ನಗರದಲ್ಲಿ ಜನಿಸಿದರು. ಆಗ ಇಟಲಿ ಎಂಬ ಒಂದು ದೇಶವಿರಲಿಲ್ಲ. ಪಾದುವಾ ನಗರವೂ, ಮುಂದೆ ಅವರು ಓದಿ ಕೆಲಸ ಮಾಡಿದ ಪಾವಿಯಾ ಮತ್ತು ಮಿಲಾನ್ ನಗರಗಳೂ ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿದ್ದವು. ಅವರು ಬಾಲಕರಾಗಿದ್ದ ಕಾಲವೆಲ್ಲ ಪರಕೀಯ ಆಡಳಿತದ ವಿರುದ್ಧ ನಡೆದ ಹೋರಾಟದ ಕಾಲ. ಪಾವಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ 1865ರಲ್ಲಿ ಪದವಿ ಪಡೆದರು. ಪದವಿ ಪಡೆದ ಮರುವರ್ಷವೇ, ಅಂದರೆ 1866ರಲ್ಲಿ, ಗ್ಯಾರಿಬಾಲ್ಡಿಯ ಸ್ವಯಂಸೇವಕ ಸೈನ್ಯವನ್ನು ಸೇರಿ ಆಸ್ಟ್ರಿಯಾದ ವಿರುದ್ಧದ ಯುದ್ಧದಲ್ಲಿ ಭಾಗವಹಿಸಿದರು. ಯುದ್ಧ ಮುಗಿದ ಬಳಿಕ ಮಿಲಾನ್ ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಸೇವೆಗೆ ಸೇರಿ, ಹೆರಿಗೆ ಮತ್ತು ಸ್ತ್ರೀರೋಗಗಳ ವಿಭಾಗವನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡರು. 1875ರಲ್ಲಿ ಪಾವಿಯಾ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಮೂವತ್ತಮೂರು.

ಅಂದಿನ ಹೆರಿಗೆಯ ಸ್ಥಿತಿ

ಪೊರ್ರೊ ಅವರು ಅಧಿಕಾರ ವಹಿಸಿಕೊಂಡ ಹೆರಿಗೆ ವಿಭಾಗಕ್ಕೆ ಬರುತ್ತಿದ್ದವರು ಬಹುತೇಕ ಬಡ ಸ್ತ್ರೀಯರು. ಅನುಕೂಲಸ್ಥರ ಮನೆಗಳಲ್ಲಿ ಹೆರಿಗೆಯು ಮನೆಯಲ್ಲಿಯೇ ಆಗುತ್ತಿತ್ತು. ಬಾಲ್ಯದಲ್ಲಿ ಬಿಸಿಲೂ ಪೌಷ್ಟಿಕ ಆಹಾರವೂ ಸಾಲದೆ ಬೆಳೆದ ಹೆಣ್ಣುಮಕ್ಕಳಲ್ಲಿ ರಿಕೆಟ್ಸ್ ಎಂಬ ಮೂಳೆರೋಗವು ಸಾಮಾನ್ಯವಾಗಿದ್ದಿತು. ಈ ರೋಗದಿಂದ ಕಾಲು ಬಾಗುವುದು ಮಾತ್ರವಲ್ಲದೆ ಸೊಂಟದ ಎಲುಬಿನ ವಲಯವೂ ಚಪ್ಪಟೆಯಾಗಿ ಮಗು ಹೊರಬರುವ ದಾರಿಯೇ ಕಿರಿದಾಗುತ್ತದೆ. (ಗೌರಿಬಿದನೂರು ಸೀಮೆಯ ಹಲವು ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್‌ನಿಂದ ಮೂಳೆ ಕೆಡುವುದನ್ನು ಜನ ಬಲ್ಲರು, ರಿಕೆಟ್ಸ್ ಅದಕ್ಕಿಂತ ಭಿನ್ನವಾದ ರೋಗ, ಮುಖ್ಯವಾಗಿ ಡಿ ಜೀವಸತ್ವದ ಕೊರತೆಯಿಂದ ಬರುವಂತಹುದು.)

ಹೀಗೆ ದಾರಿ ಕಿರಿದಾದ ಸ್ತ್ರೀಯು ಪ್ರಸವವೇದನೆಗೆ ತುತ್ತಾದಾಗ ಅಂದಿನ ವೈದ್ಯರ ಮುಂದೆ ಇದ್ದ ಮಾರ್ಗಗಳು ಎರಡು. ಒಂದು, ಒಳಗಿರುವ ಮಗುವನ್ನು ಬಲಿಕೊಟ್ಟು ತುಂಡರಿಸಿ ಹೊರತೆಗೆದು ತಾಯಿಯನ್ನು ಉಳಿಸಿಕೊಳ್ಳುವುದು. ಇಂಗ್ಲೆಂಡಿನ ವೈದ್ಯರು ಹೆಚ್ಚಾಗಿ ಇದನ್ನೇ ಅನುಸರಿಸುತ್ತಿದ್ದರು. ಎರಡನೆಯದು ಹೊಟ್ಟೆಯನ್ನು ಕೊಯ್ದು ಮಗುವನ್ನು ತೆಗೆಯುವುದು, ಅಂದರೆ ಸಿಸೇರಿಯನ್ ಶಸ್ತ್ರಕ್ರಿಯೆ. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ನಡೆಯುವ ಈ ಶಸ್ತ್ರಕ್ರಿಯೆಯು ಅಂದು ತಾಯಿಯ ಪಾಲಿಗೆ ಬಹುಮಟ್ಟಿಗೆ ಮರಣವೇ ಆಗಿದ್ದಿತು. ಪ್ಯಾರಿಸ್ ನಗರದಲ್ಲಿ 1787ರಿಂದ 1876ರವರೆಗೆ, ಸುಮಾರು ತೊಂಬತ್ತು ವರ್ಷಗಳ ಅವಧಿಯಲ್ಲಿ, ಸಿಸೇರಿಯನ್ ಆದ ಒಬ್ಬ ತಾಯಿಯೂ ಬದುಕಿ ಉಳಿಯಲಿಲ್ಲವೆಂದು ಅಂದಿನ ವೈದ್ಯರೇ ದಾಖಲಿಸಿದ್ದಾರೆ. ಪಾವಿಯಾ ಆಸ್ಪತ್ರೆಯ ಅನುಭವವೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಸಾವಿಗೆ ಕಾರಣ ಎರಡು: ರಕ್ತಸ್ರಾವ ಮತ್ತು ನಂಜು. ಗರ್ಭಕೋಶವನ್ನು ಕೊಯ್ದ ವೈದ್ಯರು ಆ ಗಾಯವನ್ನು ಹೊಲಿಯುತ್ತಿರಲಿಲ್ಲ ಎಂಬುದನ್ನು ಕೇಳಿದರೆ ಇಂದು ಆಶ್ಚರ್ಯವಾಗಬಹುದು. ಗರ್ಭಕೋಶವು ತಾನಾಗಿ ಕುಗ್ಗುವ ಮಾಂಸದ ಚೀಲ. ಅದು ಕುಗ್ಗಿದಂತೆ ಹೊಲಿಗೆಯು ಸಡಿಲವಾಗುತ್ತದೆ, ಒಳಗೆ ಉಳಿದ ದಾರವು ಕೀವಿಗೆ ಕಾರಣವಾಗುತ್ತದೆ, ಅದನ್ನು ಮತ್ತೆ ಹೊರತೆಗೆಯಲೂ ಆಗದು ಎಂಬುದು ಅಂದಿನ ನಂಬಿಕೆ. ಹಾಗಾಗಿ ಗಾಯವನ್ನು ತೆರೆದೇ ಬಿಟ್ಟು ಹೊಟ್ಟೆಯ ಮೇಲ್ಭಾಗವನ್ನು ಮಾತ್ರ ಮುಚ್ಚಲಾಗುತ್ತಿತ್ತು. ಬಾಣಂತಿಯು ಒಳಗೊಳಗೇ ರಕ್ತ ಸುರಿದು ಅಂದೇ ಸಾಯುವುದು, ಇಲ್ಲವೇ ನಾಲ್ಕಾರು ದಿನಗಳಲ್ಲಿ ನಂಜು ಏರಿ ಸಾಯುವುದು ವಾಡಿಕೆಯಾಗಿತ್ತು.

ಪೊರ್ರೊ ಅವರ ಆಲೋಚನೆಯು ಇಲ್ಲಿಂದ ಆರಂಭವಾಗುತ್ತದೆ. ರಕ್ತ ಸುರಿಯುವುದೂ ಕೀವು ಹುಟ್ಟುವುದೂ ಗರ್ಭಕೋಶದ ಗಾಯದಿಂದಲೇ ಆಗಿರುವಲ್ಲಿ ಮಗುವನ್ನು ತೆಗೆದ ಬಳಿಕ ಗರ್ಭಕೋಶವನ್ನೇ ತೆಗೆದುಬಿಟ್ಟರೆ ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ಪ್ರಶ್ನೆ ಹೊಸದೇನಲ್ಲ. ನೂರು ವರ್ಷಗಳ ಹಿಂದೆಯೇ ಇಟಲಿಯ ವೈದ್ಯರೊಬ್ಬರು ಗಬ್ಬವಾದ ಪ್ರಾಣಿಗಳಲ್ಲಿ ಗರ್ಭಕೋಶವನ್ನು ತೆಗೆದು, ಗರ್ಭಕೋಶವಿಲ್ಲದೆ ಜೀವ ಉಳಿಯುತ್ತದೆಂಬುದನ್ನು ತೋರಿಸಿದ್ದರು. ಅಮೆರಿಕದ ಬಾಸ್ಟನ್ ನಗರದ ಹೊರೇಶಿಯೊ ಸ್ಟೋರರ್ ಎಂಬ ವೈದ್ಯರು 1860ರ ದಶಕದ ಕೊನೆಯಲ್ಲಿ ಒಬ್ಬ ಸ್ತ್ರೀಗೆ ಸಿಸೇರಿಯನ್ ಮಾಡುವಾಗ ಗೆಡ್ಡೆಯಿದ್ದ ಗರ್ಭಕೋಶದಿಂದ ರಕ್ತ ನಿಲ್ಲದೆ ಅದನ್ನು ತೆಗೆದಿದ್ದರು. ಆಕೆ ಮೂರು ದಿನದೊಳಗೆ ಮೃತಪಟ್ಟರು. ಪ್ರಾಣಿಯಲ್ಲಿ ಸಾಧ್ಯವಾದುದು ಮನುಷ್ಯರಲ್ಲಿಯೂ ಸಾಧ್ಯವೇ ಎಂಬುದು ಇನ್ನೂ ತೀರ್ಮಾನವಾಗದೆ ಉಳಿದಿತ್ತು.

1876ರ ಮೇ 21

ಜೂಲಿಯಾ ಕವಲ್ಲಿನಿ ಎಂಬ ಇಪ್ಪತ್ತೈದು ವರ್ಷದ ಯುವತಿಯು 1876ರಲ್ಲಿ ಪಾವಿಯಾ ಆಸ್ಪತ್ರೆಗೆ ಚೊಚ್ಚಲ ಹೆರಿಗೆಗಾಗಿ ದಾಖಲಾದರು. ರಿಕೆಟ್ಸ್ ರೋಗದಿಂದ ಆಕೆಯ ಎತ್ತರ ಒಂದೂವರೆ ಮೀಟರನ್ನೂ ಮುಟ್ಟಿರಲಿಲ್ಲ. ಪೊರ್ರೊ ಅವರು ಪರೀಕ್ಷಿಸಿದಾಗ ಸೊಂಟದ ಎಲುಬಿನ ದಾರಿಯು ಎಷ್ಟು ಕಿರಿದಾಗಿತ್ತೆಂದರೆ ಮಗುವನ್ನು ತುಂಡರಿಸಿ ತೆಗೆಯುವ ಮಾರ್ಗವೂ ಮುಚ್ಚಿಹೋಗಿತ್ತು. ಉಳಿದದ್ದು ಸಿಸೇರಿಯನ್ ಒಂದೇ. ಆ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರು ಯಾರೂ ಮನೆಗೆ ಹಿಂದಿರುಗಿರಲಿಲ್ಲ.

ಹೆರಿಗೆಗೆ ಇನ್ನೂ ದಿನಗಳಿರುವಾಗಲೇ ಪೊರ್ರೊ ಅವರು ಸಿದ್ಧತೆಯನ್ನು ಕೈಗೊಂಡರು. ಈ ಸಿದ್ಧತೆಯೇ ಅವರ ಜೀವನದಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಗರ್ಭಕೋಶವನ್ನು ತೆಗೆಯುವ ಯೋಚನೆಯು ಗಾಬರಿಯ ಕ್ಷಣದಲ್ಲಿ ಹೊಳೆದದ್ದಲ್ಲ. ಅದಕ್ಕೆ ಬೇಕಾದ ಉಪಕರಣವು ಮೊದಲೇ ಮೇಜಿನ ಮೇಲಿತ್ತು. ಲಿಸ್ಟರ್ ಅವರು ಕೆಲವೇ ವರ್ಷಗಳ ಹಿಂದೆ ಪ್ರಚಾರಕ್ಕೆ ತಂದಿದ್ದ ಕಾರ್ಬಾಲಿಕ್ ಆಮ್ಲದ ನೀರನ್ನು ನಂಜು ನಿವಾರಣೆಗಾಗಿ ಇರಿಸಲಾಯಿತು. ನೋವು ತಿಳಿಯದಿರಲು ಕ್ಲೋರೋಫಾರಂ ನೀಡಲಾಯಿತು.

ಮೇ 21ರಂದು ಪ್ರಸವವೇದನೆ ಆರಂಭವಾದ ಬಳಿಕ ಶಸ್ತ್ರಕ್ರಿಯೆ ನಡೆಯಿತು. ಮೂರು ಕಿಲೋಗ್ರಾಂಗೂ ಮೀರಿ ತೂಗುತ್ತಿದ್ದ ಹೆಣ್ಣುಮಗುವೊಂದು ಜೀವಂತವಾಗಿ ಹೊರಬಂದಿತು. ಮಾಸನ್ನು ತೆಗೆದ ಮೇಲೆ ಗರ್ಭಕೋಶದ ಗಾಯದಿಂದ ರಕ್ತವು ತಡೆಯಿಲ್ಲದೆ ಹರಿಯಲಾರಂಭಿಸಿತು. ಆಗ ಪೊರ್ರೊ ಅವರು ಗರ್ಭಕೋಶವನ್ನು ಹೊಟ್ಟೆಯಿಂದ ಹೊರಕ್ಕೆತ್ತಿ, ಅದರ ಕಂಠದ ಸುತ್ತ ಸಿಂತ್ರಾ ಎಂಬಾತನು ರೂಪಿಸಿದ್ದ ತಂತಿಯ ಕುಣಿಕೆಯನ್ನು ತೊಡಿಸಿ ಬಿಗಿದರು. ರಕ್ತ ನಿಂತಿತು. ಕುಣಿಕೆಯ ಮೇಲ್ಭಾಗದಲ್ಲಿ ಗರ್ಭಕೋಶವನ್ನು ಕತ್ತರಿಸಿ ತೆಗೆದರು. ಉಳಿದ ಬುಡವನ್ನು ಹೊಟ್ಟೆಯೊಳಕ್ಕೆ ಬಿಡದೆ ಗಾಯದ ಕೆಳತುದಿಗೆ ತಂದು ಹೊರಗೇ ನಿಲ್ಲಿಸಿದರು. ಕೀವಾದರೆ ಅದು ಹೊರಕ್ಕೆ ಹರಿಯಲಿ ಎಂಬುದು ಉದ್ದೇಶ. ಹೊಟ್ಟೆಯನ್ನು ಬೆಳ್ಳಿಯ ತಂತಿಯಿಂದ ಹೊಲಿಯಲಾಯಿತು.

ಮುಂದಿನ ದಿನಗಳಲ್ಲಿ ಜ್ವರ ಬಂದಿತು. ಕೆಲವು ದಿನಗಳ ನಂತರ ಕುಣಿಕೆಯನ್ನು ತೆಗೆಯಲಾಯಿತು. ಗಾಯವು ನಿಧಾನವಾಗಿ ಮಾಗಿತು. ಹಲವು ವಾರಗಳ ಶುಶ್ರೂಷೆಯ ನಂತರ ಜೂಲಿಯಾ ಕವಲ್ಲಿನಿ ಚೇತರಿಸಿಕೊಂಡರು. ತಾಯಿ ಹಾಗೂ ಮಗು ಇಬ್ಬರೂ ಬದುಕಿದರು. ಸಿಸೇರಿಯನ್ ಜೊತೆಯಲ್ಲಿಯೇ ಗರ್ಭಕೋಶವನ್ನು ತೆಗೆದು ತಾಯಿ ಉಳಿದುದು ವೈದ್ಯಕೀಯ ದಾಖಲೆಗಳಲ್ಲಿ ಇದೇ ಮೊದಲು. ಆ ವರ್ಷವೇ ಪೊರ್ರೊ ಅವರು ಈ ಶಸ್ತ್ರಕ್ರಿಯೆಯ ಸಂಪೂರ್ಣ ವಿವರವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಇಂದಿಗೂ ವೈದ್ಯರ ಪುಸ್ತಕಗಳಲ್ಲಿ ಅದು ಪೊರ್ರೊ ಶಸ್ತ್ರಕ್ರಿಯೆ ಎಂದೇ ಕರೆಯಲ್ಪಡುತ್ತಿದೆ.

ಅದೇ 1876ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮಳೆ ಕೈಕೊಟ್ಟು, ಜನರು ಇಂದಿಗೂ ಧಾತು ಈಶ್ವರದ ಬರವೆಂದು ನೆನೆಯುವ ಭೀಕರ ಕ್ಷಾಮವು ತಲೆದೋರಿತ್ತು. ಗೌರಿಬಿದನೂರು ಆಗ ಸೇರಿದ್ದ ಕೋಲಾರ ಜಿಲ್ಲೆಯೂ ಅದರ ಬಾಧೆಗೆ ಒಳಗಾಗಿತ್ತು. ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಆ ಎರಡು ವರ್ಷಗಳಲ್ಲಿ ಅಳಿದರೆಂಬ ಅಂದಾಜಿದೆ. ಉತ್ತರ ಪಿನಾಕಿನಿಯ ದಂಡೆಯ ಹಳ್ಳಿಗಳಲ್ಲಿ ಆ ಕಾಲದಲ್ಲಿ ಹೆರಿಗೆಯ ರಕ್ತಸ್ರಾವದಿಂದ ಸತ್ತ ಬಾಣಂತಿಯರ ಲೆಕ್ಕವನ್ನು ಇಡುವವರು ಯಾರೂ ಇರಲಿಲ್ಲ.

ಆಕ್ಷೇಪಣೆಗಳು

ಪೊರ್ರೊ ಅವರ ಕೀರ್ತಿ ಹರಡಿದಂತೆ ಆಕ್ಷೇಪಣೆಗಳೂ ಬಂದವು. ಒಬ್ಬ ಸ್ತ್ರೀಯನ್ನು ಶಾಶ್ವತವಾಗಿ ಬಂಜೆಯಾಗಿಸುವ ಅಧಿಕಾರ ವೈದ್ಯನಿಗೆ ಇದೆಯೇ ಎಂಬುದು ಅವುಗಳಲ್ಲಿ ಮುಖ್ಯವಾದುದು. ಕ್ಯಾಥೊಲಿಕ್ ಧರ್ಮದ ಪ್ರಭಾವ ಬಲವಾಗಿದ್ದ ದೇಶದಲ್ಲಿ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಸೊಂಟದ ಎಲುಬು ಹೀಗಿರುವ ಸ್ತ್ರೀಗೆ ಮುಂದಿನ ಪ್ರತಿಯೊಂದು ಗರ್ಭವೂ ಮತ್ತೊಂದು ಮರಣಭಯವೇ ಆಗುವುದೆಂದೂ, ಸತ್ತ ತಾಯಿಗೆ ಗರ್ಭಕೋಶವಿದ್ದು ಪ್ರಯೋಜನವಿಲ್ಲವೆಂದೂ ಶಸ್ತ್ರಕ್ರಿಯೆಯ ಪರವಾಗಿದ್ದವರು ವಾದಿಸಿದರು. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು. ಪೊರ್ರೊ ಅವರ ವಿಧಾನದಲ್ಲಿ ಅಂಡಾಶಯವನ್ನೂ ತೆಗೆಯಲಾಗುತ್ತಿದ್ದುದರಿಂದ ಹಾನಿಯು ಇಂದಿನದಕ್ಕಿಂತ ಹೆಚ್ಚಾಗಿದ್ದಿತು ಎಂಬುದನ್ನು ಒಪ್ಪಬೇಕಾಗುತ್ತದೆ.

ವಿಯೆನ್ನಾ ಮೊದಲಾದ ನಗರಗಳ ವೈದ್ಯರು ಶೀಘ್ರದಲ್ಲಿಯೇ ಈ ವಿಧಾನವನ್ನು ಕೈಗೊಂಡರು. 1880ರ ದಶಕದ ಹೊತ್ತಿಗೆ ನೂರಕ್ಕೂ ಮೀರಿದ ಶಸ್ತ್ರಕ್ರಿಯೆಗಳು ವರದಿಯಾಗಿದ್ದವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಾಯಂದಿರು ಉಳಿದಿದ್ದರು. ಅರ್ಧದಷ್ಟು ಎಂಬುದು ಇಂದಿನ ಕಣ್ಣಿಗೆ ಸೋಲಿನಂತೆ ಕಾಣಬಹುದು. ಅದಕ್ಕೆ ಹಿಂದಿನ ಸಂಖ್ಯೆಯು ಬಹುತೇಕ ಸೊನ್ನೆಯಾಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಎಂಬ ಯುವ ವೈದ್ಯರು ಗರ್ಭಕೋಶದ ಗಾಯವನ್ನು ಪದರ ಪದರವಾಗಿ ಹೊಲಿದು ಮುಚ್ಚುವ ಕ್ರಮವನ್ನು ಪ್ರಕಟಿಸಿದರು. ಹೊಲಿಯಲಾಗದು ಎಂಬ ಹಳೆಯ ನಂಬಿಕೆ ಅಲ್ಲಿಗೆ ಕೊನೆಗೊಂಡಿತು. ಅಂದಿನಿಂದ ಸಿಸೇರಿಯನ್ ಆದ ತಾಯಿಯು ಗರ್ಭಕೋಶವನ್ನೂ ಉಳಿಸಿಕೊಂಡು ಬದುಕುವುದು ಸಾಧ್ಯವಾಯಿತು. ಪೊರ್ರೊ ಅವರ ಶಸ್ತ್ರಕ್ರಿಯೆ ಆರೇ ವರ್ಷಗಳಲ್ಲಿ ಹಳತಾಯಿತೆಂದು ಹೇಳಬಹುದಾದರೂ ಅದು ಕಣ್ಮರೆಯಾಗಲಿಲ್ಲ. ಎಲ್ಲರಿಗೂ ಮಾಡುವ ವಿಧಾನವಾಗಿದ್ದುದು ಬೇರೆಲ್ಲ ದಾರಿ ಮುಚ್ಚಿದಾಗ ಮಾತ್ರ ಮಾಡುವ ಕೊನೆಯ ಉಪಾಯವಾಗಿ ತನ್ನ ಸ್ಥಾನವನ್ನು ಪಡೆಯಿತು. ಇಂದಿಗೂ ಅದರ ಸ್ಥಾನ ಅದೇ.

ಮಿಲಾನ್ ನಗರದಲ್ಲಿ

1882ರಲ್ಲಿಯೇ ಪೊರ್ರೊ ಅವರು ಪಾವಿಯಾವನ್ನು ಬಿಟ್ಟು ಮಿಲಾನ್ ನಗರದ ಸಾಂತಾ ಕತೆರೀನಾ ಪ್ರಸೂತಿ ಶಾಲೆಯ ನಿರ್ದೇಶಕರಾದರು. ಸೂಲಗಿತ್ತಿಯರಿಗೆ ತರಬೇತಿ ನೀಡುವುದು ಈ ಶಾಲೆಯ ಮುಖ್ಯ ಕೆಲಸಗಳಲ್ಲಿ ಒಂದಾಗಿದ್ದಿತು. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವರು ಅವರೇ ಆದುದರಿಂದ ಅಪಾಯದ ಚಿಹ್ನೆಯನ್ನು ಮೊದಲು ಗುರುತಿಸಬೇಕಾದವರೂ ಅವರೇ ಆಗಿದ್ದರು. 1891ರಲ್ಲಿ ಇಟಲಿಯ ಸಂಸತ್ತಿನ ಮೇಲ್ಮನೆಯ ಸದಸ್ಯರಾಗಿ ನೇಮಕಗೊಂಡರು. 1902ರ ಜುಲೈ 18ರಂದು ಮಿಲಾನ್ ನಗರದಲ್ಲಿ ನಿಧನ ಹೊಂದಿದರು. ಅವರಿಗೆ ಆಗ ಇನ್ನೂ ಅರವತ್ತು ತುಂಬಿರಲಿಲ್ಲ. ಬೆಂಗಳೂರಿನಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಮೀಸಲಾದ ವಾಣಿ ವಿಲಾಸ ಆಸ್ಪತ್ರೆಯು ಆರಂಭವಾದುದು 1935ರಲ್ಲಿ, ಅಂದರೆ ಪೊರ್ರೊ ಅವರು ತೀರಿಕೊಂಡ ಮೂವತ್ತಮೂರು ವರ್ಷಗಳ ನಂತರ.

ಇಂದು ಈ ಶಸ್ತ್ರಕ್ರಿಯೆ ಯಾವಾಗ

ಹೆರಿಗೆಯ ಸಮಯಕ್ಕೆ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತವು ಹರಿಯುತ್ತಿರುತ್ತದೆ. ತುಂಬು ಗರ್ಭಿಣಿಯ ದೇಹದಲ್ಲಿರುವ ಒಟ್ಟು ರಕ್ತ ಐದಾರು ಲೀಟರು ಮಾತ್ರ. ಜಮಾಖರ್ಚಿನ ಈ ಎರಡು ಅಂಕಿಗಳನ್ನು ನೋಡಿದರೆ ನಿಮಿಷಗಳ ಬೆಲೆಯು ಯಾರಿಗಾದರೂ ತಿಳಿಯುತ್ತದೆ. ಮಾಸು ಕಳಚಿದ ಬಳಿಕ ಗರ್ಭಕೋಶವು ಗಟ್ಟಿಯಾಗಿ ಕುಗ್ಗಿ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿ ಮುಚ್ಚಬೇಕು. ಅದು ಕುಗ್ಗದೆ ಮೆತ್ತಗೆ ಉಳಿದರೆ, ಹೆರಿಗೆಯಲ್ಲಿ ಹರಿದರೆ, ಅಥವಾ ಮಾಸು ಗರ್ಭಕೋಶದ ಗೋಡೆಗೆ ಬೇರೂರಿದಂತೆ ಅಂಟಿ ಕಳಚಿಕೊಳ್ಳದೆ ಹೋದರೆ ರಕ್ತ ನಿಲ್ಲುವುದಿಲ್ಲ. ಮಾಸು ಹೀಗೆ ಅಂಟುವುದು ಹಿಂದೆ ಸಿಸೇರಿಯನ್ ಆದವರಲ್ಲಿ ಹೆಚ್ಚು. ಸಿಸೇರಿಯನ್ ಸಂಖ್ಯೆ ಏರಿದಂತೆ ಈ ಅಪಾಯವೂ ಏರುತ್ತದೆ. ನೋವಿಗೆ ಹೆದರಿ ಅಥವಾ ಒಳ್ಳೆಯ ಮುಹೂರ್ತಕ್ಕಾಗಿ ಸಿಸೇರಿಯನ್ ಕೋರುವ ಕುಟುಂಬಗಳು ಇದನ್ನು ಗಮನಿಸುವುದು ಒಳಿತು.

ರಕ್ತಸ್ರಾವ ಆರಂಭವಾದ ಕೂಡಲೇ ಯಾವ ವೈದ್ಯರೂ ಗರ್ಭಕೋಶವನ್ನು ತೆಗೆಯುವುದಿಲ್ಲ. ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ತಿಕ್ಕುವುದು, ಅದನ್ನು ಕುಗ್ಗಿಸುವ ಆಕ್ಸಿಟೋಸಿನ್ ಮೊದಲಾದ ಔಷಧಿಗಳನ್ನು ಕೊಡುವುದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲವನ್ನು ನೀಡುವುದು, ಒಳಗೆ ಬಲೂನು ಇರಿಸಿ ಒತ್ತುವುದು, ಗರ್ಭಕೋಶವನ್ನು ಸುತ್ತಿ ಬಿಗಿಯುವ ಹೊಲಿಗೆ ಹಾಕುವುದು, ರಕ್ತನಾಳವನ್ನು ಕಟ್ಟುವುದು – ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದಾಗ ಪೊರ್ರೊ ಅವರ ಮಾರ್ಗವು ಉಳಿಯುತ್ತದೆ. ಕೆಲವು ಪ್ರಕರಣಗಳಲ್ಲಿ, ಮುಖ್ಯವಾಗಿ ಮಾಸು ಆಳವಾಗಿ ಬೇರೂರಿದ್ದಲ್ಲಿ, ನಡುವಿನ ಹಂತಗಳಿಗೆ ಸಮಯವಿರುವುದಿಲ್ಲ. ಇಂದು ಸಾಧ್ಯವಾದಷ್ಟೂ ಅಂಡಾಶಯಗಳನ್ನು ಉಳಿಸಲಾಗುತ್ತದೆ. ಆದುದರಿಂದ ಮುಟ್ಟು ನಿಂತರೂ, ಮುಂದೆ ಗರ್ಭ ಧರಿಸಲಾಗದಿದ್ದರೂ, ಅಕಾಲ ವೃದ್ಧಾಪ್ಯ ಬರುವುದೆಂಬ ಭಯಕ್ಕೆ ಆಧಾರವಿಲ್ಲ. ಮಗುವಿಗೆ ಹಾಲುಣಿಸಲು ಅಡ್ಡಿಯಿಲ್ಲ. ದುಃಖವಾಗುವುದು ಸಹಜ, ಬಾಣಂತಿಯ ಆ ದುಃಖವನ್ನು ಮನೆಯವರು ಅಲ್ಲಗಳೆಯಬಾರದು, ಆಕೆಯನ್ನು ಅದಕ್ಕಾಗಿ ದೂಷಿಸುವುದಂತೂ ಸಲ್ಲದು.

ರಾಜ್ಯದ ಕೆಲವು ಭಾಗಗಳಲ್ಲಿ ಬಿಳಿಸೆರಗು, ಬೆನ್ನುನೋವು ಮುಂತಾದ ಸಾಮಾನ್ಯ ತೊಂದರೆಗಳಿಗೂ ಹಣದ ಆಸೆಯಿಂದ ಬಡ ಮಹಿಳೆಯರ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದಿರುವುದು ನಿಜ. ಜನರ ಸಂಶಯಕ್ಕೆ ಇದೂ ಒಂದು ಕಾರಣ. ಆದರೆ ಅದು ಬೇರೆ, ಹೆರಿಗೆಯ ಮೇಜಿನ ಮೇಲೆ ರಕ್ತ ಸುರಿಯುತ್ತಿರುವಾಗಿನ ಸ್ಥಿತಿ ಬೇರೆ. ಮೊದಲನೆಯದರಲ್ಲಿ ಇನ್ನೊಬ್ಬ ವೈದ್ಯರನ್ನು ಕೇಳಲು ವಾರಗಳ ಕಾಲಾವಕಾಶವಿರುತ್ತದೆ, ಕೇಳಲೇಬೇಕು. ಎರಡನೆಯದರಲ್ಲಿ ಊರಿನ ಹಿರಿಯರಿಗಾಗಿ ಕಾಯುವ ಒಂದು ಗಂಟೆಯೂ ಇರುವುದಿಲ್ಲ.

ಒಪ್ಪಿಗೆಯ ವಿಷಯ

ಪ್ರಾಪ್ತವಯಸ್ಕಳಾದ ಮಹಿಳೆಯ ಚಿಕಿತ್ಸೆಗೆ ಒಪ್ಪಿಗೆಯನ್ನು ಆಕೆಯೇ ನೀಡತಕ್ಕದ್ದು. ಗರ್ಭಕೋಶ ತೆಗೆದ ಒಂದು ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದೆ. ರೋಗಿಯು ಸ್ವತಃ ಒಪ್ಪಿಗೆ ನೀಡಬಲ್ಲವಳಾಗಿರುವಾಗ ಆಕೆಯ ಪರವಾಗಿ ತಾಯಿ ನೀಡಿದ ಒಪ್ಪಿಗೆಯು ಸಾಲದೆಂದೂ, ಪೂರ್ವದಲ್ಲಿ ಒಪ್ಪದಿದ್ದ ಶಸ್ತ್ರಕ್ರಿಯೆಯನ್ನು ಪ್ರಾಣ ಅಥವಾ ಆರೋಗ್ಯವನ್ನು ಕಾಪಾಡಲು ಅನಿವಾರ್ಯವಾಗಿದ್ದು ಒಪ್ಪಿಗೆಗಾಗಿ ತಡಮಾಡುವುದು ಸರಿಯಲ್ಲದ ಸಂದರ್ಭದಲ್ಲಿ ಮಾತ್ರ ಮಾಡಬಹುದೆಂದೂ ಅದರ ಸಾರಾಂಶ. ಆದುದರಿಂದ ಒಪ್ಪಿಗೆ ಪತ್ರದ ಈ ವಾಕ್ಯವನ್ನು ಗರ್ಭಿಣಿಯು ನೋವು ಆರಂಭವಾಗುವ ಮೊದಲೇ, ತಪಾಸಣೆಗೆ ಬಂದ ದಿನಗಳಲ್ಲಿಯೇ, ವೈದ್ಯರಿಂದ ಕೇಳಿ ತಿಳಿದುಕೊಳ್ಳುವುದು ಮೇಲು. ಪತಿಯೂ ಅತ್ತೆಯೂ ಆ ದಿನ ಜೊತೆಯಲ್ಲಿದ್ದರೆ ಇನ್ನೂ ಅನುಕೂಲ.

ತಾಲ್ಲೂಕಿನ ನಾಗರಿಕರು ಗಮನಿಸಬೇಕಾದುದು

ಪೊರ್ರೊ ಅವರ ಕಾಲದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಸುರಕ್ಷಿತವಾಗಿ ನೀಡುವ ವಿದ್ಯೆಯಿರಲಿಲ್ಲ. ರಕ್ತದ ಗುಂಪುಗಳು ಪತ್ತೆಯಾದುದೇ ಅವರ ಕೊನೆಯ ವರ್ಷಗಳಲ್ಲಿ. ಇಂದು ಆ ವಿದ್ಯೆಯಿದೆ, ಆದರೆ ರಕ್ತ ಬೇಕಾದ ಹೊತ್ತಿಗೆ ಬೇಕಾದ ಸ್ಥಳದಲ್ಲಿರಬೇಕು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರವು ಸುಮಾರು 35 ಕಿ.ಮೀ., ಬೆಂಗಳೂರು ಸುಮಾರು 75 ಕಿ.ಮೀ. ದೂರದಲ್ಲಿವೆ. ನಗರಗೆರೆ, ತೊಂಡೇಬಾವಿ, ಡಿ.ಪಾಳ್ಯ ಕಡೆಯ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಸಮಯವನ್ನು ಇದಕ್ಕೆ ಕೂಡಿಸಬೇಕಾಗುತ್ತದೆ. ಹಿಂದೆ ಸಿಸೇರಿಯನ್ ಆದವರು, ಹಿಂದಿನ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದವರು, ಅವಳಿ ಮಕ್ಕಳಿರುವವರು, ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆಯೆಂದು ತಿಳಿದುಬಂದವರು ಹೆರಿಗೆಯ ಸ್ಥಳವನ್ನು ವೈದ್ಯರೊಡನೆ ಮೊದಲೇ ನಿಗದಿಪಡಿಸಿಕೊಳ್ಳಬೇಕು. ರಕ್ತಹೀನತೆಯಿರುವ ಬಾಣಂತಿಯು ಇತರರು ತಾಳುವಷ್ಟು ರಕ್ತಸ್ರಾವವನ್ನು ತಾಳಲಾರಳು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸುವುದು ಅವಶ್ಯ.

ತಾಯಿ ಕಾರ್ಡನ್ನು ಆಶಾ ಕಾರ್ಯಕರ್ತೆಯರ ಅಥವಾ ಆರೋಗ್ಯ ಕೇಂದ್ರದ ಮೂಲಕ ಗರ್ಭ ಖಚಿತವಾದ ಕೂಡಲೇ ಪಡೆಯಬೇಕು. ರಕ್ತದ ಗುಂಪು ಅದರಲ್ಲಿ ನಮೂದಾಗಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಕಾರ್ಯಕ್ರಮವು 2016ರಿಂದ ನಡೆದುಬಂದಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ಊಟ, ರಕ್ತ ಹಾಗೂ ವಾಹನ ಸೌಲಭ್ಯಗಳು ಉಚಿತ. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬೇಕು. ರಾಜ್ಯದಲ್ಲಿ 2001–03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228ರಷ್ಟಿದ್ದ ತಾಯಂದಿರ ಮರಣವು 2018–20ರ ವೇಳೆಗೆ 69ಕ್ಕೆ ಇಳಿದಿರುವುದು ಆಸ್ಪತ್ರೆಯ ಹೆರಿಗೆ ಹಾಗೂ ಇಂತಹ ವ್ಯವಸ್ಥೆಗಳು ಹರಡಿದ ಕಾಲದಲ್ಲಿಯೇ. ಉಳಿದ 69ರಲ್ಲಿ ರಕ್ತಸ್ರಾವದ ಪಾಲು ಇನ್ನೂ ಇದೆ.

ಶಸ್ತ್ರಕ್ರಿಯೆಗೆ ಒಳಗಾದ ಬಾಣಂತಿಯು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಬಿಡುಗಡೆ ಪತ್ರದಲ್ಲಿ ಗರ್ಭಕೋಶವನ್ನು ಪೂರ್ಣವಾಗಿ ತೆಗೆಯಲಾಗಿದೆಯೇ ಅಥವಾ ಕಂಠವನ್ನು ಉಳಿಸಲಾಗಿದೆಯೇ, ಅಂಡಾಶಯಗಳು ಉಳಿದಿವೆಯೇ, ಎಷ್ಟು ಬಾಟಲಿ ರಕ್ತ ನೀಡಲಾಗಿದೆ, ಶಸ್ತ್ರಕ್ರಿಯೆಗೆ ಕಾರಣವೇನು ಎಂಬ ವಿವರಗಳು ಇವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ಕಂಠವು ಉಳಿದಿದ್ದಲ್ಲಿ ಮುಂದಿನ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಇತರ ಮಹಿಳೆಯರಂತೆಯೇ ಮಾಡಿಸಬೇಕಾಗುತ್ತದೆ. ಬಿಡುಗಡೆ ಪತ್ರದ ಮೂಲಪ್ರತಿಯನ್ನು ತಾಯಿ ಕಾರ್ಡಿನ ಜೊತೆಯಲ್ಲಿ ಇರಿಸಿಕೊಂಡು, ಕಚೇರಿಗಳಿಗೆ ಅರ್ಜಿ ಸಲ್ಲಿಸುವಾಗ ಅದರ ನೆರಳಚ್ಚು ಪ್ರತಿಯನ್ನು ಮಾತ್ರ ನೀಡುವುದು.